ಬೀಗದ ಕೈ ಯಾರ ಕೈಗೆ

ಅರ್ಧಕ್ಕೆ ನಿಂತ ಲಿಫ್ಟು ಯಾರನ್ನೂ ಕೊಲ್ಲುವುದಿಲ್ಲ. ಅದರಿಂದ ಹೊರಗೆ ಜಾರಲು ಹೋದವರನ್ನು ಅದರ ಅಡಿಯಲ್ಲಿ ಬಾಯಿ ತೆರೆದುಕೊಂಡಿರುವ ಗುಂಡಿ ಕೊಲ್ಲುತ್ತದೆ. ದಿನಾ ಹತ್ತಿಳಿಯುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಲಿಫ್ಟಿನ ಗೋಡೆಯ ಮೇಲೆ ಗೀಚಿದ್ದು ಯಾರ ಮನೆಯ ಮಗು ಎಂಬುದು ಗೊತ್ತು, ಬಾಡಿಗೆಯವರು ಕದ್ದುಮುಚ್ಚಿ ಅದರಲ್ಲಿ ಮಂಚ ಸಾಗಿಸಿದ್ದು ಗೊತ್ತು, ಸಭೆ ಸೇರಿ ಅದಕ್ಕಾಗಿ ಗಂಟಲು ಹರಿದುಕೊಳ್ಳುವುದೂ ಗೊತ್ತು. ಒಳಗಿನ ಎಚ್ಚರಿಕೆ ಗಂಟೆ ಸತ್ತು ಎಷ್ಟು ಕಾಲವಾಯಿತು ಎಂದು ಕೇಳಿ ನೋಡಿ. ಎಲ್ಲರೂ ಚಾವಣಿ ನೋಡುತ್ತಾರೆ.

ಅಂಥದೊಂದು ಲಿಫ್ಟಿನಲ್ಲಿ, ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ, ಒಂದು ಬೆಳಿಗ್ಗೆ ಆಯಮ್ಮ ಸಿಕ್ಕಿಬಿದ್ದಳು. ಐದನೇ ಮಹಡಿಯಲ್ಲಿ, ಹೊರಗಿನಿಂದ ಬೀಗ ಹಾಕಿದ ಬಾಗಿಲ ಹಿಂದೆ, ಲಕ್ವ ಹೊಡೆದು ಮಲಗಿದ ಅಜ್ಜಿ ಒಬ್ಬರೇ ಇದ್ದರು. ಅಡುಗೆಮನೆಯ ಒಲೆಯ ಮೇಲೆ ಹಾಲಿತ್ತು. ಒಲೆ ಉರಿಯುತ್ತಿತ್ತು.

ಆಯಮ್ಮ ಆ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದವಳು. ಅದಕ್ಕೆ ಮೊದಲು ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳನ್ನು ಹೊರಳಿಸುವ, ಎತ್ತುವ, ಒರೆಸುವ ಕೆಲಸ ಮಾಡುತ್ತಿದ್ದಳು. ಎತ್ತುವಾಗ ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು ಎಂದು ಅಲ್ಲಿನ ನರ್ಸು ಕಲಿಸಿದ್ದಳು. ಹಾಗೆ ಮಾಡಿ ಮಾಡಿ ಸೊಂಟ ಉಳಿಯಿತು, ಮಂಡಿ ಹೋಯಿತು. ಐದು ಮಹಡಿ ಮೆಟ್ಟಿಲು ಹತ್ತುವ ಶಕ್ತಿ ಇಲ್ಲದ್ದಕ್ಕೇ ಆಕೆ ಲಿಫ್ಟು ಹತ್ತುತ್ತಿದ್ದದ್ದು. ಕೆಲಸದವರು ಲಿಫ್ಟು ಬಳಸುವುದು ಕೆಲವರ ಕಣ್ಣಿಗೆ ಚುಚ್ಚುತ್ತಿತ್ತು. ಚುಚ್ಚಲಿ.

ಆಕೆಯ ಗಂಡ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಇಬ್ಬರಿಗೂ ಸೇರಿ ಒಂದು ಕೋಣೆ, ಬಾಗಿಲಿಗೆ ಚಿಲಕದ ಬದಲು ಒಂದು ತಂತಿ. ಬೀಗ ತರೋಣ ಅಂತ ಆಕೆ ಒಮ್ಮೆ ಹೇಳಿದ್ದಕ್ಕೆ ಗಂಡ, "ಯಾಕೆ? ಕಳ್ಳ ಒಳಗೆ ಬಂದು ನೋಡಿದ್ರೆ ಪಾಪ ಅನ್ನಿಸಿ ಅವನೇ ಏನಾದ್ರೂ ಇಟ್ಟು ಹೋಗ್ತಾನೆ, ಬಿಡು" ಅಂದಿದ್ದ.

ಅಜ್ಜಿಯ ಮನೆಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದೊಂದನ್ನು ಹೇಳಬೇಕು. ಅಜ್ಜಿಗೆ ಮಾತು ಹೋಗಿತ್ತು, ಬಲಭಾಗ ಪೂರ್ತಿ ಹೋಗಿತ್ತು. ಎಡಗೈಯ ಬೆರಳು ಒಂದಿಷ್ಟು ಆಡುತ್ತಿದ್ದವು, ಕಣ್ಣು ಮಾತ್ರ ಚುರುಕು. ಮಧ್ಯಾಹ್ನವಾಯಿತೆಂದರೆ ಆ ಕಣ್ಣಿಂದ ನೀರು ಸುರಿಯುತ್ತಿತ್ತು. ಡಾಕ್ಟರು ಕಾಯಿಲೆಯ ಲಕ್ಷಣ ಅಂದರು. ಅಜ್ಜಿಯ ಮಗಳು ಮಾತ್ರೆ ತಂದಳು. ಆಯಮ್ಮ ಒಂದು ದಿನ ಅಜ್ಜಿಯನ್ನು ಗಾಲಿಕುರ್ಚಿಗೆ ಕೂರಿಸಿ, ತಾನೇ ಮಂಚದ ಮೇಲೆ ಮಲಗಿ, ಅದೇ ದಿಂಬಿಗೆ ತಲೆ ಕೊಟ್ಟು, ಅದೇ ಕಡೆಗೆ ಕತ್ತು ಹೊರಳಿಸಿದಳು. ಎದುರಿಗೆ ಬೀರುವಿನ ಕನ್ನಡಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ನೇರ ಮುಖಕ್ಕೆ ಬೀಳುತ್ತಿತ್ತು. ಕನ್ನಡಿಯಲ್ಲಿ ಆ ಮುಖ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. ಸೊಟ್ಟಗಾದ ತಮ್ಮ ಬಾಯನ್ನು ದಿನವೂ ಅಷ್ಟು ಹೊತ್ತು ನೋಡುತ್ತ ಅಜ್ಜಿ ಅಳುತ್ತಿದ್ದರು. ಆಯಮ್ಮ ಕನ್ನಡಿಗೆ ಒಂದು ಹಳೆಯ ದುಪ್ಪಟಿ ಇಳಿಬಿಟ್ಟಳು. ಅಳು ನಿಂತಿತು.

ಸಂಜೆ ಮಗಳಿಗೆ ಇದನ್ನು ಸಂಭ್ರಮದಿಂದ ಹೇಳಿದರೆ ಬಂದ ಉತ್ತರ ಇದು: "ಅಮ್ಮನ ಮಂಚದ ಮೇಲೆ ನೀನು ಮಲ್ಕೊಂಡಿದ್ಯಾ?"

ಮಗಳು ಕೆಟ್ಟವಳಲ್ಲ. ದೂರದ ಆಫೀಸು, ಮೇಲಧಿಕಾರಿಯ ಬೈಗುಳ, ಮನೆಗೆ ಬಂದರೆ ಮೂತ್ರದ ವಾಸನೆ. ಒಬ್ಬಳೇ ಹೆಣಗುತ್ತಿದ್ದಳು. ಆದರೆ ಹೆದರಿದ ಮನುಷ್ಯರು ಮಾಡುವ ತಪ್ಪನ್ನೇ ಆಕೆಯೂ ಮಾಡಿದ್ದಳು, ಇಡೀ ಹೆದರಿಕೆಯನ್ನು ಒಂದು ಬೀಗದ ಮೇಲೆ ಹಾಕಿದ್ದಳು. ಆಯಮ್ಮನಿಗಿಂತ ಮೊದಲಿದ್ದ ಕೆಲಸದವಳು ನಲ್ಲಿ ರಿಪೇರಿಯವನಿಗೆ ಬಾಗಿಲು ತೆಗೆಯಲು ವಾಚ್‌ಮನ್ ಕೈಗೆ ಬೀಗದ ಕೈ ಕೊಟ್ಟಿದ್ದಳು. ಅದೇ ವಾರ ಒಂದು ಜೊತೆ ಓಲೆ ಕಾಣೆಯಾಯಿತು. ಆಕೆಯನ್ನು ಹೊರಗೆ ಹಾಕಿದರು. ಓಲೆ ಆಮೇಲೆ ಬೀರುವಿನ ಹಿಂದೆ ಸಿಕ್ಕಿತು. ಆಕೆಯನ್ನು ಮಾತ್ರ ಯಾರೂ ವಾಪಸು ಕರೆಯಲಿಲ್ಲ.

ಆಯಮ್ಮ ಸೇರಿದ ದಿನ ಮಗಳು ಹೇಳಿದ್ದು ಅಜ್ಜಿಯ ಔಷಧಿ ವಿಚಾರವನ್ನಲ್ಲ. "ಬೀಗದ ಕೈ ಸೊಂಟದಲ್ಲೇ ಇರ್ಬೇಕು. ದೇವರೇ ಬಂದು ಕೇಳಿದ್ರೂ ಕೊಡ್ಬೇಡ. ಎದುರು ಮನೆಯವರಿಗಂತೂ ಒಂದು ಲೋಟ ನೀರೂ ಬೇಡ, ಮಾತೂ ಬೇಡ."

ಎದುರು ಮನೆಯವರು ಅಂದರೆ ನಿವೃತ್ತ ಡ್ರಿಲ್ ಮೇಷ್ಟ್ರು. ಎರಡು ಮನೆಗಳ ನಡುವಿನ ಜಾಗದಲ್ಲಿ ಅವರು ಚಪ್ಪಲಿ ಇಡುವ ಕಪಾಟು ಇಟ್ಟಿದ್ದರು. ಗಾಲಿಕುರ್ಚಿ ತಿರುಗುವುದಿಲ್ಲ, ತೆಗೀರಿ ಎಂದು ಮಗಳು ಹೇಳಿದಳು. ಹೇಳುವ ರೀತಿ ಸರಿಯಿಲ್ಲ ಎಂದು ಅವರು ತೆಗೆಯಲಿಲ್ಲ. ಅಲ್ಲಿಂದ ಶುರುವಾಗಿದ್ದು "ನಿಮ್ಮ ಹೊಸ್ತಿಲು ತುಳಿದ್ರೆ ನನ್ನ ಚಪ್ಪಲೀಲೇ ಹೊಡೀರಿ" ಎಂದು ಮೇಷ್ಟ್ರು ಶಪಥ ಮಾಡುವಲ್ಲಿಗೆ ಬಂದು ನಿಂತಿತ್ತು.

ಆ ಬೆಳಿಗ್ಗೆ ಆಯಮ್ಮ ಹಾಲಿಟ್ಟು ಅಜ್ಜಿಯ ಬಟ್ಟೆ ಬದಲಿಸುತ್ತಿದ್ದಳು. ಕೆಳಗೆ ಕಸದ ಗಾಡಿಯ ಸೀಟಿ ಕೇಳಿಸಿತು. ಕಸದ ಗಾಡಿ ಯಾರಿಗೂ ಕಾಯುವುದಿಲ್ಲ. ಹಿಂದಿನ ದಿನ ತಪ್ಪಿಹೋಗಿ, ಮಲಮೂತ್ರದ ಬಟ್ಟೆಯ ಚೀಲ ಮನೆಯಲ್ಲೇ ಉಳಿದು, ಸಂಜೆ ಮಗಳಿಂದ ಬೈಗುಳ ತಿಂದಾಗಿತ್ತು. ಎರಡು ನಿಮಿಷದ ಕೆಲಸ. ಉರಿ ಸಣ್ಣದಾಗಿದೆ ಅಂದುಕೊಂಡಳು, ಅಜ್ಜಿಗೆ "ಈಗ ಬಂದೆ ಅಮ್ಮಾವ್ರೆ" ಅಂದಳು, ಚೀಲ ಎತ್ತಿಕೊಂಡಳು, ಹೊರಗಿನಿಂದ ಬೀಗ ಹಾಕಿದಳು. ಫೋನು ಗೋಡೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಉಳಿಯಿತು.

ಒಲೆ ಉರಿಸಿಟ್ಟು, ಎದ್ದು ನಿಲ್ಲಲಾಗದವರನ್ನು ಒಳಗೆ ಬಿಟ್ಟು, ಬೀಗ ಹಾಕಿಕೊಂಡು ಹೋದದ್ದು ತಪ್ಪೇ. ಆಯಮ್ಮನೂ ಇಲ್ಲ ಅನ್ನುವುದಿಲ್ಲ.

ಚೀಲ ಗಾಡಿಗೆ ಹಾಕಿ ವಾಪಸು ಬರುವಾಗ ಕರೆಂಟು ಹೋಯಿತು. ಲಿಫ್ಟು ಒಮ್ಮೆ ಕುಲುಕಿ ನಿಂತಿತು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ ಹಾಗೆ ಕತ್ತಲು. ಆಯಮ್ಮ ಗಂಟೆಯ ಗುಂಡಿ ಒತ್ತಿದಳು, ಸದ್ದಿಲ್ಲ. ಮಡಚುವ ಕಬ್ಬಿಣದ ಬಾಗಿಲನ್ನು ಎಳೆದಳು. ಎದುರಿಗೆ ಗೋಡೆ, ಕೈಗೆ ಒರಟು ಸಿಮೆಂಟು ತಗುಲಿತು. ಕೆಳಗೆ ತಡವಿದರೆ ಮೂರನೇ ಮಹಡಿಯ ಮುಚ್ಚಿದ ಬಾಗಿಲಿನ ಮೇಲರ್ಧ. ಅದನ್ನೇ ಬಡಿಯತೊಡಗಿದಳು.

"ಯಾರಾದ್ರೂ ತೆಗೀರೀ! ತೆಗೀರೀ!"

ಮೊದಲು ಕೇಳಿಸಿಕೊಂಡವಳು ಮೂರನೇ ಮಹಡಿಯ ಟೈಲರಮ್ಮ. ಹೊಲಿಗೆ ಯಂತ್ರ ಬಿಟ್ಟು ಓಡಿಬಂದಳು. ಆಕೆಗೆ ಉಬ್ಬಸ, ನಾಲ್ಕು ಹೆಜ್ಜೆಗೇ ಏದುಸಿರು. "ಯಾರದು? ಆಯಮ್ಮನಾ? ಅಯ್ಯೋ, ಇರು ಮಾರಾಯ್ತಿ, ಗಾಬರಿ ಆಗ್ಬೇಡ." ಮೆಟ್ಟಿಲ ನಡುವಿನ ಸಂದಿಯಿಂದ ಕೆಳಗೆ ಬಗ್ಗಿ ವಾಚ್‌ಮನ್‌ನನ್ನು ಕೂಗಿದಳು. ಲಿಫ್ಟಿನ ಬಾಗಿಲು ತೆಗೆಯುವ ಕೀಲಿ ಸೆಕ್ರೆಟರಿ ಹತ್ತಿರ ಇದೆ, ಸೆಕ್ರೆಟರಿ ಊರಲ್ಲಿಲ್ಲ, ಲಿಫ್ಟ್ ಕಂಪನಿಯವರಿಗೆ ಫೋನ್ ಮಾಡ್ತಿದ್ದೀನಿ, ಎತ್ತುತ್ತಿಲ್ಲ ಎಂದು ಅವನು ಕೆಳಗಿಂದಲೇ ವರದಿ ಒಪ್ಪಿಸಿದ.

ಗಲಾಟೆ ಕೇಳಿ ಐದನೇ ಮಹಡಿಯಿಂದ ಡ್ರಿಲ್ ಮೇಷ್ಟ್ರು ಇಳಿದು ಬಂದರು. ಕೈಯಲ್ಲಿ ಕಬ್ಬಿಣದ ಸರಳು. ಇಡೀ ಜೀವಮಾನ ಮಕ್ಕಳನ್ನು ಸಾಲು ನಿಲ್ಲಿಸಿದ ಮನುಷ್ಯ, ಯಾರಾದರೂ ತೊಂದರೆಯಲ್ಲಿದ್ದರೆ ಅವರಿಗೆ ಹುರುಪು ಬರುತ್ತದೆ.

"ಎಲ್ರೂ ಹಿಂದೆ ಸರೀರಿ!" ಅಂದರು. ಅಲ್ಲಿ ಹಿಂದೆ ಸರಿಯಲು ಟೈಲರಮ್ಮ ಒಬ್ಬಳೇ ಇದ್ದಳು.

ಸರಳು ಹಾಕಿ ಮೀಟಿದರು. ಬಾಗಿಲಿನ ಕೊಂಡಿ ಮುರಿಯಿತು. ಬೆಳಕು ಬಂತು. ಆಯಮ್ಮ ನಿಂತಿದ್ದ ನೆಲ ಮೇಷ್ಟ್ರ ಎದೆಯ ಮಟ್ಟಕ್ಕಿತ್ತು. ಅದರ ಮೇಲೆ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಜಾಗ. ಅದರ ಕೆಳಗೆ ಕತ್ತಲು, ಕತ್ತಲಿನಲ್ಲಿ ಜೋತುಬಿದ್ದ ತಂತಿಗಳು.

"ಕೂತ್ಕೊಂಡು ಕಾಲು ಕೆಳಗೆ ಬಿಡಮ್ಮ. ನಾನು ಹಿಡ್ಕೋತೀನಿ," ಅಂದರು ಮೇಷ್ಟ್ರು.

"ಬೇಡ ಸಾರ್, ಲಿಫ್ಟ್‌ನೋರು ಬರ್ಲಿ," ಅಂದಳು ಟೈಲರಮ್ಮ. "ಕೆಳಗೆ ನೋಡಿ, ಬಾವಿ ಇದ್ದ ಹಾಗಿದೆ."

"ಅವರು ಬರೋ ಹೊತ್ತಿಗೆ ಈಕೆಗೆ ಪಿಂಚಣಿ ಬಂದಿರುತ್ತೆ. ಕಾಲು ಬಿಡಮ್ಮ, ಒಂದು, ಎರಡು..."

ಆಯಮ್ಮ ಆಗಲೇ ಕೂತಾಗಿತ್ತು. ಆಕೆಗೆ ಬಾವಿ ಕಾಣುತ್ತಿರಲಿಲ್ಲ, ಹಾಲು ಕಾಣುತ್ತಿತ್ತು. ಹಾಲು ಇಷ್ಟು ಹೊತ್ತಿಗೆ ಅಂಚಿಗೆ ಬಂದಿರುತ್ತದೆ. ಉಕ್ಕಿ ಒಲೆಯ ಮೇಲೆ ಸುರಿಯುತ್ತದೆ. ಉರಿ ಆರುತ್ತದೆ, ಗ್ಯಾಸು ನಿಲ್ಲುವುದಿಲ್ಲ. ಆಕೆ ಕಾಲು ಇಳಿಬಿಟ್ಟಳು. ಮೇಷ್ಟ್ರು ಕೈ ಚಾಚಿದರು. ಕಾಲು ಬಾಗಿಲಿನ ಕಡೆಗೆ ಬರಲಿಲ್ಲ, ಲಿಫ್ಟಿನ ಅಡಿಗೆ ಒಳಮುಖವಾಗಿ ತೂಗಿತು. ಎಡಗಾಲಿನ ಚಪ್ಪಲಿ ಕಳಚಿ ಬಿತ್ತು.

ಅದು ನೆಲ ಮುಟ್ಟಿದ ಸದ್ದು ಬರಲು ಬಹಳ ಹೊತ್ತಾಯಿತು ಅನ್ನಿಸಿತು ಮೂವರಿಗೂ.

"ಕಾಲು ಮೇಲಕ್ಕೆ ತಗೊಳ್ಳೇ!" ಟೈಲರಮ್ಮ ಕಿರುಚಿದಳು. "ಸಾರ್, ಕೈ ಹಿಂದಕ್ಕೆ ತಗೊಳ್ಳಿ, ನೀವೂ ಬೀಳ್ತೀರಿ!"

ಮೇಷ್ಟ್ರು ಹಿಂದೆ ಸರಿದರು. "ಕಾಯಮ್ಮ," ಅಂದರು, ಧ್ವನಿ ಇಳಿದಿತ್ತು. "ಕಾಯೋದೇ ವಾಸಿ. ಏನು ಅರ್ಜೆಂಟು?"

"ಇಲ್ಲ, ನಾನು ಬರ್ಬೇಕು. ಬಂದೇ ಬರ್ಬೇಕು."

"ಯಾಕೆ?"

ಆಯಮ್ಮ ಉತ್ತರ ಕೊಡಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಆಕೆ ಯಾಕೆ ಹೇಳಲಿಲ್ಲ ಅಂತ ಓದುತ್ತಿರುವ ನಿಮಗೆ ಕೋಪ ಬರುತ್ತಿರಬಹುದು. ಒಲೆ ಉರಿಯುತ್ತಿದೆ ಅಂದರೆ ಮುಗಿಯಿತಲ್ಲ! ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು, ನಿಜ, ಆಕೆಯ ಕೆಲಸವೂ ಮುಗಿಯುತ್ತಿತ್ತು. ಅದೂ ಹೇಳುವುದು ಯಾರಿಗೆ? ಒಂದು ಲೋಟ ನೀರೂ ಬೇಡ ಅನ್ನಿಸಿಕೊಂಡ ಎದುರು ಮನೆಯವರಿಗೆ. ವರ್ಷಗಟ್ಟಲೆ ಒಬ್ಬರ ತಲೆಗೆ ಒಂದೇ ಮಾತು ಹೊಡೆದರೆ ಅದು ಮೊಳೆಯ ಹಾಗೆ ಕೂರುತ್ತದೆ. ಆಕೆಯ ತಲೆಯಲ್ಲಿದ್ದದ್ದು ಒಂದೇ ದಾರಿ. ತಾನು ಹೊರಗೆ ಬರಬೇಕು, ತಾನು ಮೇಲೆ ಓಡಬೇಕು, ತನ್ನ ಸೊಂಟದ ಬೀಗದ ಕೈಯಿಂದ ತಾನೇ ಬಾಗಿಲು ತೆಗೆಯಬೇಕು, ಯಾರಿಗೂ ಗೊತ್ತಾಗದ ಹಾಗೆ ಒಲೆ ಆರಿಸಿ ಒರೆಸಿಡಬೇಕು. ಬೇರೆ ದಾರಿ ಇದೆ ಎಂಬುದೇ ಆಕೆಗೆ ಹೊಳೆಯಲಿಲ್ಲ. ಆ ಮೊಳೆ ಹೊಡೆದವರು ನಾವು.

ಆಯಮ್ಮ ಕಾಲು ಮೇಲಕ್ಕೆಳೆದುಕೊಂಡಳು. ಇನ್ನೊಂದು ರೀತಿ ಪ್ರಯತ್ನಿಸಿದಳು, ಹೊಟ್ಟೆಯ ಮೇಲೆ ಮಲಗಿ ಕಾಲು ಮುಂದೆ ಮಾಡಿ ಇಳಿಯುವುದು. ಮಂಡಿ ಮಡಚಲಾಗದೆ ಹೊರಳಿಬಿದ್ದಳು. ಬೆನ್ನು ನೆಲಕ್ಕೆ ಹತ್ತಿತು, ಮುಖ ಮೇಲಾಯಿತು. ಎದ್ದೇಳಲು ನೋಡಿದರೆ ಕೈಗೆ ಆಸರೆಯಿಲ್ಲ. ಒಂದೆರಡು ಕ್ಷಣ ಹಾಗೇ ಬಿದ್ದಿದ್ದಳು, ಚಾವಣಿ ನೋಡುತ್ತ.

"ಹಿಂಗೇ ಅಲ್ವಾ ಅಮ್ಮಾವ್ರು ಮಲಗಿರೋದು ಅನ್ನಿಸ್ತು," ಅಂತ ಆಕೆ ಆಮೇಲೆ ನನಗೆ ಹೇಳಿದಳು. "ಏಳೋಕಾಗಲ್ಲ, ಕೂಗೋಕಾಗಲ್ಲ. ಆ ದಿಂಬಿನ ಮೇಲಿಂದ ಅಡುಗೆಮನೆ ಬಾಗಿಲು ಕಾಣ್ಸುತ್ತೆ ಸಾರ್. ಒಲೇದು ಒಂದು ಮೂಲೆ ಕಾಣ್ಸುತ್ತೆ. ನಾನು ಮಲಗಿ ನೋಡಿದ್ದೀನಲ್ಲ, ನಂಗೆ ಗೊತ್ತು. ಅಂದ್ರೆ ಹಾಲು ಉಕ್ಕೋದನ್ನ ಅವ್ರು ನೋಡ್ತಾ ಇದ್ದಾರೆ. ಆ ಹೊತ್ತಲ್ಲಿ ಅವ್ರಿಗೆ ಏನು ಬೇಕು? ನಾನು ಬೇಕಾ? ಆ ಗುಂಡಿ ತಿರುಗಿಸೋ ಒಂದು ಕೈ ಬೇಕು, ಅಷ್ಟೇ. ಅದು ನಂದೇ ಕೈ ಆಗ್ಬೇಕು ಅಂತ ಅವ್ರಿಗೇನು ಹಟ?"

ಗೋಡೆಗೆ ಅಂಟಿಸುವ ಬಣ್ಣದ ಹಾಳೆಗಳಲ್ಲಿ "ದೃಷ್ಟಿ ಬದಲಿಸಿ, ಬದುಕು ಬದಲಾಗುತ್ತದೆ" ಎಂದು ಬರೆದಿರುತ್ತಾರಲ್ಲ, ಜೊತೆಗೊಂದು ಸೂರ್ಯೋದಯ. ಕಷ್ಟದಲ್ಲಿರುವವರಿಗೆ ನಗು ಅನ್ನುವ ಆ ಪುಕ್ಕಟೆ ಉಪದೇಶ ಕಂಡರೆ ನನಗೆ ಮೈ ಉರಿಯುತ್ತದೆ. ಆಯಮ್ಮ ನಗಲಿಲ್ಲ. ತಾನಿದ್ದ ಜಾಗ ಬಿಟ್ಟು ಇನ್ನೊಬ್ಬರು ಮಲಗಿದ ಜಾಗಕ್ಕೆ ಹೋದಳು, ಅಷ್ಟೇ. ಲಿಫ್ಟು ಒಂದಂಗುಲ ಅಲುಗಿರಲಿಲ್ಲ. ಆದರೂ ಈಗ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗಿತ್ತು.

ಹೊರಳಿ, ಸೊಂಟಕ್ಕೆ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಸಂದಿಯಿಂದ ಕೈ ಹೊರಗೆ ಚಾಚಿದಳು.

"ಮೇಷ್ಟ್ರೇ, ತಗೊಳ್ಳಿ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ. ಅಮ್ಮಾವ್ರು ಒಳಗಿದ್ದಾರೆ. ಓಡಿ."

ಮೇಷ್ಟ್ರು ಬೀಗದ ಕೈ ನೋಡಿದರು. ಮುಟ್ಟಲಿಲ್ಲ.

"ನಾನಾ?" ಅಂದರು. "ನಾನು ಆ ಮನೆ ಹೊಸ್ತಿಲು ತುಳಿಯಲ್ಲ ಅಂದಿದ್ದೀನಿ. ಅದು ಬಿಡು. ನಾಳೆ ಒಂದು ಚಮಚ ಕಾಣದೇ ಹೋದ್ರೆ ಆ ಹುಡುಗಿ ನನ್ನ ಮೇಲೆ ಹಾಕ್ತಾಳೆ. ಹಿಂದಿನ ಕೆಲಸದೋಳಿಗೆ ಆಗಿದ್ದು ನೋಡಿಲ್ವಾ? ವಾಚ್‌ಮನ್ ಬರ್ಲಿ, ಅವನಿಗೆ ಕೊಡು."

ಪೊಲೀಸರಿಗೂ ಹೆದರದ ಮನುಷ್ಯ ಒಂದು ಬೆರಳುದ್ದದ ಹಿತ್ತಾಳೆಗೆ ಹೆದರಿ ನಿಂತಿದ್ದರು.

"ವಾಚ್‌ಮನ್ ಕೆಳಗಿಂದ ಐದನೇ ಮಹಡಿ ಹತ್ತೋದು ಯಾವಾಗ!" ಟೈಲರಮ್ಮ ಅವರ ಕಡೆ ತಿರುಗಿದಳು. "ನನಗೆ ಉಸಿರಿದ್ದಿದ್ರೆ ನಿಮ್ಮ ಮುಖಾನೂ ನೋಡ್ತಿರ್ಲಿಲ್ಲ, ನಾನೇ ಹೋಗ್ತಿದ್ದೆ. ಚಪ್ಪಲಿ ಕಪಾಟಿನ ಜಗಳ ಮಧ್ಯಾಹ್ನದ ಮೇಲೆ ಆಡಿ ಸಾರ್. ಒಳಗೆ ಒಂದು ಜೀವ ಇದೆ, ಅದು ನಿಮ್ಮ ಜೊತೆ ಜಗಳ ಆಡಿಲ್ಲ!"

"ಸಾಕ್ಷಿ ನಾನಿದ್ದೀನಿ ಸಾರ್," ಅಂದಳು ಆಯಮ್ಮ. ಕೈ ಇನ್ನೂ ಚಾಚಿಯೇ ಇತ್ತು. "ಏನು ಕಳೆದ್ರೂ ನಾನು ಕದ್ದೆ ಅಂತೀನಿ. ಓಡಿ."

ಅದು ಮೇಷ್ಟ್ರಿಗೆ ನಾಟಿತು. ಬೀಗದ ಕೈ ಕಿತ್ತುಕೊಂಡರು.

"ಬೆಲ್ ಒತ್ಬೇಡಿ! ಕರೆಂಟು ಬಂದ್ರೂ ಸ್ವಿಚ್ ಮುಟ್ಬೇಡಿ! ಫೋನ್ ಹೊರಗೇ ಇಟ್ಟು ಹೋಗಿ! ಮೊದಲು ಸಿಲಿಂಡರ್ ಮುಚ್ಚಿ, ಆಮೇಲೆ ಕಿಟಕಿ! ಅಡುಗೆಮನೆ ನಿಮ್ಮನೇಲಿ ಎಡಕ್ಕೆ, ನಮ್ಮನೇಲಿ ಬಲಕ್ಕೆ!" ಮೇಷ್ಟ್ರ ಹೆಜ್ಜೆ ಸದ್ದು ಮೆಟ್ಟಿಲ ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ಕೂಗುತ್ತಲೇ ಇದ್ದಳು.

ಆಮೇಲೆ ಸದ್ದಿಲ್ಲ.

ಟೈಲರಮ್ಮ ಕೈ ಮೇಲೆತ್ತಿ ಆಯಮ್ಮನ ಬೆರಳು ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು. "ಕರೆಂಟು ಬಂದ್ರೆ ಸಾಕಪ್ಪ," ಅಂದಳು. "ಒಂದು ಸಲ ಬಂದ್ರೆ ನೀನು ನಾಲ್ಕನೇ ಮಹಡೀಲಿ ಇಳೀತೀಯ."

ಆಯಮ್ಮನ ಬೆರಳು ಸೆಟೆದವು.

ಕರೆಂಟು ಬಂದರೆ! ಕರೆಂಟು ಹೋದಾಗ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಫ್ರಿಜ್ಜು ನಡೆಯುತ್ತಿತ್ತು, ಗೋಡೆಯಲ್ಲಿ ಚಾರ್ಜರು ಇತ್ತು. ಕರೆಂಟು ಬಂದ ಕೂಡಲೇ ಎಲ್ಲಕ್ಕೂ ಒಟ್ಟಿಗೆ ಜೀವ ಬರುತ್ತದೆ. ಫ್ರಿಜ್ಜು ಟಕ್ ಅನ್ನುತ್ತದೆ. ಗ್ಯಾಸು ತುಂಬಿದ ಮನೆಗೆ ಆ ಒಂದು ಕಿಡಿ ಸಾಕು. ಅಷ್ಟು ಹೊತ್ತಿಗೆ ಒಳಗೆ ಅಜ್ಜಿ ಒಬ್ಬರೇ ಅಲ್ಲ, ಮೇಷ್ಟ್ರೂ ಇರುತ್ತಾರೆ. ಅವರನ್ನು ಒಳಗೆ ಕಳಿಸಿದವಳು ತಾನು.

"ಮೇನ್ ಸ್ವಿಚ್ ತೆಗೆಸು," ಅಂದಳು.

"ಏನು?"

"ಕೆಳಗೆ ಮೀಟರ್ ಹತ್ರ ಮೇನ್ ಸ್ವಿಚ್ ಇದೆ. ವಾಚ್‌ಮನ್‌ಗೆ ಹೇಳು, ಕೆಳಗೆಳೀಲಿ. ಕರೆಂಟು ಬರ್ಬಾರ್ದು. ಬರ್ಲೇಬಾರ್ದು!"

ಟೈಲರಮ್ಮನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಆಕೆ ಆ ಸಂದಿಯ ಕಡೆ ನೋಡಿದಳು. "ಹಂಗ್ ಮಾಡಿದ್ರೆ ನೀನು ಇಲ್ಲೇ..."

"ನಾನು ಇಲ್ಲೇ ಇರ್ತೀನಿ. ಹೇಳೇ!"

ಟೈಲರಮ್ಮ ಮೆಟ್ಟಿಲ ಸಂದಿಗೆ ಬಗ್ಗಿ ಕೂಗಿದಳು. ಕೆಳಗಿಂದ ವಾಚ್‌ಮನ್ ಧ್ವನಿ ಬಂತು. "ಐದನೇ ಮಹಡಿದು ಯಾವ ಮೀಟರು ಗೊತ್ತಾಗಲ್ಲಮ್ಮ, ಬರೆದಿದ್ದೆಲ್ಲ ಅಳಿಸಿಹೋಗಿದೆ!"

"ಎಲ್ಲಾದ್ರದ್ದೂ ತೆಗಿ! ಇಡೀ ಕಟ್ಟಡದ್ದು!"

"ಸೆಕ್ರೆಟರಿ ಬೈತಾರಮ್ಮ, ಲಿಫ್ಟಲ್ಲಿ ಜನ ಇದ್ದಾರೆ..."

"ಲಿಫ್ಟಲ್ಲಿರೋಳೇ ಹೇಳ್ತಿರೋದು ಕಣೋ! ಗ್ಯಾಸ್ ತುಂಬಿದೆ ಮೇಲೆ! ತೆಗಿ!" ಅದರ ಹಿಂದೆಯೇ ಕೆಮ್ಮು ಬಂತು. ಮೆಟ್ಟಿಲ ಮೇಲೆ ಕುಸಿದು ಕೂತು ಕೆಮ್ಮಿದಳು. ಕೆಳಗೆ ಎಲ್ಲೋ ಭಾರವಾದ ಸ್ವಿಚ್ಚಿನ ಹಿಡಿಯೊಂದು ಖಟಕ್ ಎಂದು ಬಿದ್ದ ಸದ್ದು.

ತನ್ನನ್ನು ಬೇಗ ಬಿಡಿಸಬಲ್ಲ ಒಂದೇ ಒಂದು ವಸ್ತುವನ್ನು ಆಯಮ್ಮ ತನ್ನ ಬಾಯಿಂದಲೇ ಕಡಿಸಿ ಹಾಕಿದ್ದಳು. ಆ ಪೆಟ್ಟಿಗೆಯಲ್ಲಿ, ಬೆವರಿನಲ್ಲಿ, ಒಂಟಿ ಚಪ್ಪಲಿಯಲ್ಲಿ ಕಾಯುತ್ತ ಕೂತಳು. ಮೇಲಿಂದ ಏನೂ ಕೇಳಿಸುತ್ತಿರಲಿಲ್ಲ. ಮೇಷ್ಟ್ರಿಗೆ ಬೀಗ ತೆಗೆಯಲಾಗಲಿಲ್ಲವೋ, ಬಾಗಿಲು ತೆಗೆದವರು ಅಲ್ಲೇ ಬಿದ್ದರೋ, ಅಭ್ಯಾಸದ ಕೈ ಗೋಡೆಯ ಸ್ವಿಚ್ಚಿನ ಕಡೆ ಹೋಯಿತೋ, ಅಜ್ಜಿಯ ಕಣ್ಣು ಮುಚ್ಚಿತ್ತೋ. ಒಂದೊಂದನ್ನೂ ಯೋಚಿಸಿದಳು, ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಆಗ ಹೊರಗೆ, ಬೀದಿಯಾಚೆಯ ಹಿಟ್ಟಿನ ಗಿರಣಿ ಗರ್ ಎಂದು ಶುರುವಾಯಿತು. ಬೀದಿಗೆ ಕರೆಂಟು ಬಂದಿತ್ತು. ಇಬ್ಬರು ಹೆಂಗಸರೂ ಮೇಲಕ್ಕೆ ಕಿವಿಗೊಟ್ಟರು. ಕಟ್ಟಡದೊಳಗೆ ಒಂದು ದೀಪವೂ ಹತ್ತಲಿಲ್ಲ. ನಾಲ್ಕನೇ ಮಹಡಿಯಿಂದ ಯಾರೋ "ನಮಗ್ಯಾಕೆ ಬಂದಿಲ್ಲ ಕರೆಂಟು? ವಾಚ್‌ಮನ್!" ಎಂದು ಬೈದರು. ಬೈಗುಳ ಕೇಳಿ ಅಷ್ಟು ಸಮಾಧಾನ ಆಗಿದ್ದು ಆಯಮ್ಮನಿಗೆ ಅದೇ ಮೊದಲು.

ಆಮೇಲೆ ಮೇಲೆ ಕಿಟಕಿಯೊಂದು ಧಡ್ ಎಂದು ತೆರೆದುಕೊಂಡಿತು. ಇನ್ನೊಂದು. ಏನನ್ನೋ ಎಳೆಯುವ ಸದ್ದು. ಕೊನೆಗೆ ಮೆಟ್ಟಿಲ ಸಂದಿಯಿಂದ ಮೇಷ್ಟ್ರ ಧ್ವನಿ ಇಳಿಯಿತು, ಆಟದ ಮೈದಾನದ ಧ್ವನಿ.

"ಇದ್ದಾರೆ! ಬಾಲ್ಕನಿಗೆ ತಂದಿದ್ದೀನಿ! ಉಸಿರಾಡ್ತಿದ್ದಾರೆ! ನನ್ನನ್ನ ಗುರಾಯಿಸ್ತಿದ್ದಾರೆ!"

ಆಯಮ್ಮ ಆಗ ಅತ್ತಳು. ಟೈಲರಮ್ಮ, "ಗುರಾಯಿಸ್ದೆ ಇನ್ನೇನು, ಚಪ್ಪಲಿ ಕಪಾಟು ನೆನಪಾಗಿರುತ್ತೆ," ಅಂದು ತಾನೂ ಅತ್ತಳು.

ಹಾಲು ಉಕ್ಕಿ ಒಲೆಯನ್ನು ಆರಿಸಿತ್ತು. ಬಾಗಿಲು ತೆಗೆದಾಗ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತಂತೆ. ಮೇಷ್ಟ್ರು ಮೂಗಿಗೆ ಅಂಗಿ ಒತ್ತಿಕೊಂಡು ಸಿಲಿಂಡರ್ ಮುಚ್ಚಿ, ಅಜ್ಜಿಯನ್ನು ಹಾಸಿಗೆ ಬಟ್ಟೆಯ ಸಮೇತ ಎಳೆದುಕೊಂಡು ಹೋಗಿದ್ದರು. ಅಜ್ಜಿ ವಾಂತಿ ಮಾಡಿಕೊಂಡಿದ್ದರು, ಅದನ್ನೂ ಅವರೇ ಒರೆಸಿದ್ದರು. ಆಂಬುಲೆನ್ಸು ಬಂತು, ಹೋಯಿತು. ಅದಾದ ಎಷ್ಟೋ ಹೊತ್ತಿಗೆ ಲಿಫ್ಟ್ ರಿಪೇರಿಯವರು ಬಂದು, ಮೇಲಿನ ಕೋಣೆಯ ಚಕ್ರವನ್ನು ಕೈಯಿಂದ ತಿರುಗಿಸಿ, ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಸರಿಯಾಗಿ ಇಳಿಸಿದರು. ಆಯಮ್ಮ ಗೋಡೆ ಹಿಡಿದು ಹೊರಗೆ ಬಂದಳು.

ಟೈಲರಮ್ಮ ಫೋನ್ ಕೈಗಿಟ್ಟಳು. ಆ ಕಡೆ ಮಗಳು. ಆಸ್ಪತ್ರೆಯ ದಾರಿಯಲ್ಲಿದ್ದಳು, ಮೇಷ್ಟ್ರು ಎಲ್ಲ ಹೇಳಿದ್ದರು.

"ಬೀಗದ ಕೈ ಯಾರಿಗೆ ಕೊಟ್ಟೆ?" ಮಗಳ ಮೊದಲ ಮಾತು. "ಅವರಿಗಾ? ಅವರ ಕೈಗಾ ಕೊಟ್ಟೆ?"

"ಹೌದು ಮೇಡಂ."

"ಯಾರಿಗೂ ಕೊಡ್ಬೇಡ ಅಂತ ಎಷ್ಟು ಸಲ ಹೇಳಿದ್ದೆ?"

ಆಯಮ್ಮ, "ಅಮ್ಮಾವ್ರ ಕಾಲಿಗೆ ಸಾಕ್ಸ್ ಹಾಕಿಲ್ಲ ಮೇಡಂ," ಅಂದಳು. "ಆಸ್ಪತ್ರೇಲಿ ಚಳಿ ಇರುತ್ತೆ. ಹೋದ ತಕ್ಷಣ ಹಾಕಿ." ಫೋನಿನ ಆ ಕಡೆಯಿಂದ ಅಳುತ್ತಿದ್ದ ಸದ್ದು ಬಂತಂತೆ.

ನನಗೆ ಇದನ್ನು ಹೇಳುವಾಗ ಆಯಮ್ಮನಲ್ಲಿ ಸಿಟ್ಟಿರಲಿಲ್ಲ. "ಅವ್ರು ಆಟೋದಲ್ಲಿ ಕೂತಿದ್ರು ಸಾರ್. ಅಲ್ಲಿಂದ ಅಮ್ಮ ಕಾಣ್ಸಲ್ಲ, ಮನೆ ಕಾಣ್ಸಲ್ಲ. ಕೈಗೆ ಹಿಡಿಯೋಕೆ ಸಿಗೋದು ಬೀಗ ಒಂದೇ. ಅದನ್ನೇ ಹಿಡ್ಕೊಂಡ್ರು." ಇಷ್ಟು ದೂರ ಹೋಗಿ ನೋಡುವ ಮನಸ್ಸು ಆಕೆಗಿದೆ. ನನಗಿಲ್ಲ. ಯಾಕೆಂದರೆ ಅಜ್ಜಿ ಚೇತರಿಸಿಕೊಂಡು ಮನೆಗೆ ಬಂದರು, ಆಯಮ್ಮ ಕೆಲಸದಲ್ಲಿ ಉಳಿದಳು, ಮಗಳು ಮೇಷ್ಟ್ರಿಗೆ ಕೈಮುಗಿದಳು, ಕಪಾಟೂ ಅಲ್ಲಿಂದ ಸರಿಯಿತು. ಇಷ್ಟೆಲ್ಲ ಆದರೂ ಅದೇ ವಾರ ಬಾಗಿಲಿಗೆ ಹೊಸ ಬೀಗ ಬಂತು. ಹೊಸ ಬೀಗದ ಕೈಯನ್ನು ಆಯಮ್ಮನಿಗೆ ಕೊಡುವಾಗ ಮಗಳು ಮೆಲ್ಲಗೆ, ಈ ಸಲ ಪ್ರೀತಿಯಿಂದಲೇ, ಅದೇ ಹಳೆಯ ಮಾತು ಹೇಳಿದಳು: ಯಾರಿಗೂ ಕೊಡಬೇಡ.

ನಿಮ್ಮ ಮನೆಯಲ್ಲೂ ಒಬ್ಬಳು ಇದ್ದಾಳೆ. ನಿಮ್ಮ ಮಗುವನ್ನೋ ಹೆತ್ತವರನ್ನೋ ಆಕೆಯ ಕೈಗೆ ಬಿಟ್ಟು, ಬೀಗದ ವಿಚಾರದಲ್ಲಿ ಆಕೆಯನ್ನು ಹೆದರಿಸಿ, ನೀವು ಕೆಲಸಕ್ಕೆ ಹೋಗುತ್ತೀರಿ. ಕಷ್ಟದ ಗಳಿಗೆಯಲ್ಲಿ ಆಕೆ ಮೊದಲು ನೋಡುವುದು ಮಲಗಿರುವ ಜೀವದ ಮುಖವನ್ನೋ, ನಿಮ್ಮ ಸಿಟ್ಟಿನ ಮುಖವನ್ನೋ? ಅದು ನೀವು ಹೇಳಿಟ್ಟ ಮಾತಿನ ಮೇಲಿದೆ. ಆದ್ದರಿಂದ ಇವತ್ತೇ, ಕೆಲಸದ ನಡುವೆ ಅಲ್ಲ, ಎದುರು ಕೂರಿಸಿಕೊಂಡು, ಮುಖ ನೋಡಿ ಹೇಳಿ: ಅಪಾಯ ಅನ್ನಿಸಿದರೆ ಬೀಗದ ಕೈಯನ್ನು ಹತ್ತಿರ ಇದ್ದವರ ಕೈಗೆ ಕೊಡು, ಯಾರೇ ಆಗಲಿ ಕೊಡು, ಕೊಟ್ಟಿದ್ದಕ್ಕೆ ನಾನು ನಿನ್ನನ್ನು ಎಂದೂ ಕೇಳುವುದಿಲ್ಲ. ಹೇಳಿ. ಹೇಳಿದ ಮೇಲೆ, ಕೇಳಬೇಡಿ.